ದೊಡ್ಡವ್ವನಿಗೆ ಇಟಾಲಿಯನ್ ಹಾಡು

ದೊಡ್ಡವ್ವನ ಮನೆಯಲ್ಲಿ ಯಾರೂ ಏನನ್ನೂ ಬಾಯಿಬಿಟ್ಟು ಬೇಡುವಂತಿರಲಿಲ್ಲ. ಆ ಮನೆಯ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಇದೊಂದೇ. ಉಳಿದದ್ದನ್ನೆಲ್ಲ ಅನುಮಾನದಿಂದಲೇ ಬರೆಯುತ್ತಿದ್ದೇನೆ. ಹನ್ನೊಂದನೆಯ ವಯಸ್ಸಿನಿಂದ ಡೈರಿ ಇಟ್ಟವಳು ನಾನು. ಆದರೆ ಆ ಕಾಲದ ಡೈರಿಗಳನ್ನು ತೆರೆದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಂಡ ಸಂಗತಿಗಳು ಅಲ್ಲಿಲ್ಲ, ಅಲ್ಲಿರುವ ಸಂಗತಿಗಳ ನೆನಪು ನನಗಿಲ್ಲ. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಓಣಿ, ಎರಡನೆಯ ಮಹಡಿ, ಎರಡು ಕೋಣೆ, ಒಂದು ಅಡುಗೆಮನೆ. ಬಸ್ಸುಗಳು ಹಿಂದಕ್ಕೆ ಸರಿಯುವಾಗ ಕಂಡಕ್ಟರು ಊದುವ ಸೀಟಿ ಬೆಳಗಿನಿಂದ ಸಂಜೆಯವರೆಗೆ ಒಳಗೆ ಕೇಳುತ್ತಿತ್ತು. ಮುಂದಿನ ಕೋಣೆಯಲ್ಲಿ ದೊಡ್ಡವ್ವನ ಮೇಜು, ಅದರ ಮೇಲೆ ಕಂದು ಕಾಗದದ ಹೊದಿಕೆ ಹಾಕಿದ ನಿಘಂಟುಗಳು. ಒಳಕೋಣೆಯಲ್ಲಿ ಎರಡು ಕಬ್ಬಿಣದ ಮಂಚ. ನನ್ನ ಮಂಚದ ಕೆಳಗೆ ನನ್ನ ಚೀಲ. ಅವ್ವ ತೀರಿಕೊಂಡ ವರ್ಷ, ನನಗೆ ಐದು ತುಂಬಿದಾಗ, ಅಪ್ಪ ನನ್ನನ್ನು ಆ ಚೀಲದ ಜೊತೆ ಇಲ್ಲಿ ಬಿಟ್ಟು "ಸ್ವಲ್ಪ ದಿನಾ ಇಟ್ಕೊಳ್ರಿ ಅಕ್ಕಾರ" ಎಂದು ಹೋಗಿದ್ದ. ಎಂಟು ವರ್ಷವಾದರೂ ನನ್ನ ಬಟ್ಟೆಗಳು ಕಪಾಟಿಗೆ ಹೋಗಲಿಲ್ಲ. ಒಗೆದು, ಮಡಿಚಿ, ಮತ್ತೆ ಅದೇ ಚೀಲಕ್ಕೆ. ಕಪಾಟಿನಲ್ಲಿ ಒಂದು ಖಾನೆ ಖಾಲಿಯೇ ಇತ್ತು. ಅದರಲ್ಲಿ ಇಡಲೇ ಎಂದು ಕೇಳುವುದು ಬೇಡಿದಂತೆ ಆಗುತ್ತಿತ್ತು.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ, ಗೌರಮ್ಮ. ಮದುವೆಯಾಗಿರಲಿಲ್ಲ. ಭಾಲ್ಕಿಯಿಂದ ಬಂದು ಹೈದರಾಬಾದಿನ ಕೋರ್ಟಿನಲ್ಲಿ ಅನುವಾದಕಿಯ ಕೆಲಸ ಹಿಡಿದವಳು. ಕನ್ನಡ, ಮರಾಠಿ, ಉರ್ದುವಿನಲ್ಲಿ ಇರುವ ಹೇಳಿಕೆ, ಮೃತ್ಯುಪತ್ರ, ಹಳೆಯ ಪತ್ರಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ, ಕೊನೆಗೆ "ಇದು ಮೂಲಕ್ಕೆ ನಿಷ್ಠವಾದ ಅನುವಾದ" ಎಂದು ಬರೆದು ಸಹಿ ಹಾಕುವುದು ಅವಳ ಉದ್ಯೋಗ. ಒಂದು ಮಾತನ್ನು ಹೆಚ್ಚು ಮಾಡುವಂತಿಲ್ಲ, ಕಡಿಮೆ ಮಾಡುವಂತಿಲ್ಲ. ಒಮ್ಮೆ ಯಾವುದೋ ಹೆಂಗಸಿನ ಹೇಳಿಕೆಯನ್ನು ಬರೆಯುತ್ತಿದ್ದಾಗ ನಾನು ಪಕ್ಕದಲ್ಲಿ ನಿಂತು, ಆಕೆ ಅತ್ತಳೇ ಎಂದು ಕೇಳಿದ್ದೆ.

"ಅತ್ತಳು."

"ಅದನ್ನ ಬರೀಲಿಲ್ಲ ನೀ?"

"ಅತ್ತದ್ದನ್ನ ನಾ ಬರಿಯೂದಿಲ್ಲ. ಅಂದದ್ದನ್ನ ಬರೀತೀನಿ."

ಬೇಡಬಾರದು ಎಂಬ ನಿಯಮ ಅವಳು ಕೋರ್ಟಿನಿಂದಲೇ ತಂದದ್ದಿರಬೇಕು ಎಂದು ಈಗ ಊಹಿಸುತ್ತೇನೆ. ಆಗ ಅದು ನನಗೆ ಮಳೆ ಬಿಸಿಲಿನಂತೆ ಇದ್ದದ್ದೇ. ಬೇಡಿದ ವಸ್ತು ಸಿಗುವುದಿಲ್ಲ, ಅಷ್ಟೇ. ಒಂದು ಯುಗಾದಿಯ ದಿನ ಶೇಂಗಾ ಹೋಳಿಗೆ ಮಾಡಿದ್ದಳು. ತಟ್ಟೆಗೆ ಒಂದು ಬಿದ್ದಿತ್ತು. ಇನ್ನೊಂದಕ್ಕಾಗಿ ಅವಳ ಕೈ ಬುಟ್ಟಿಯ ಕಡೆ ಹೋಗಿತ್ತೆಂದು ನನಗೆ ಸ್ಪಷ್ಟವಾಗಿ ನೆನಪಿದೆ, ಆದರೆ ಇಂಥ ಸ್ಪಷ್ಟ ನೆನಪುಗಳನ್ನೇ ನಾನು ಕಡಿಮೆ ನಂಬುವುದು. ಅಷ್ಟರಲ್ಲಿ ನಾನು ಅವಸರಪಟ್ಟು "ಇನ್ನೊಂದು ಕೊಡು" ಎಂದೆ. ಕೈ ನಿಂತಿತು. ಬುಟ್ಟಿಯ ಮೇಲೆ ಬಟ್ಟೆ ಬಿತ್ತು.

"ನನಗ ಕಣ್ಣ ಇಲ್ಲೇನು? ನಿನ್ನ ತಾಟು ನನಗ ಕಾಣಸೂದಿಲ್ಲೇನು?"

"ಕಾಣಸ್ತೈತಿ."

"ಮತ್ತ ಯಾಕ ಬಾಯಿ ತಗೀಬೇಕು? ದಿನಾ ಬೆಳಗಾದ್ರ ಕೋರ್ಟಿನ್ಯಾಗ ಮಂದಿ ಕೈಮುಗದು ಬೇಡೂದ ನೋಡ್ತೀನಿ. ಮನ್ಯಾಗರ ಅದು ಬ್ಯಾಡ."

ಉಳಿದ ಹೋಳಿಗೆಗಳನ್ನು ಮರುದಿನ ಕೆಳಮನೆಯವರಿಗೆ ಕೊಟ್ಟುಬಂದಳು. ಅವಳು ಕೋಪಿಸಿಕೊಂಡಿರಲಿಲ್ಲ. ಕೋಪವಿದ್ದಿದ್ದರೆ ಇಳಿಯುವುದನ್ನು ಕಾಯಬಹುದಿತ್ತು. ಇವಳ ಮುಖ ಹೋಳಿಗೆ ಕೊಡುವಾಗಲೂ ಕೊಡದಿರುವಾಗಲೂ ಒಂದೇ ತರಹ ಇರುತ್ತಿತ್ತು. ಆ ದಿನದಿಂದ ನಾನು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಕಲ್ಲಿನ ಹಾಗೆ ಇಟ್ಟುಕೊಂಡೆ: ಯಾವುದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಕೋ ಅದನ್ನು ಎಂದೂ ಬಾಯಲ್ಲಿ ಆಡಬಾರದು. ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದದ್ದು ಆ ಮನೆಯಲ್ಲೇ ಉಳಿಯುವುದು. ಅದರ ಜೊತೆಗೆ, ಒಂದು ಸಲವಾದರೂ, ಅವಳ ಕೈ ನನ್ನ ತಲೆಯ ಮೇಲೆ.

ಅಪ್ಪ ತಿಂಗಳಿಗೊಮ್ಮೆ ಭಾನುವಾರ ಲಿಂಗಂಪಲ್ಲಿಯಿಂದ ಬರುತ್ತಿದ್ದ. ಅಲ್ಲಿ ಅವನಿಗೆ ಎರಡನೆಯ ಸಂಸಾರವಿತ್ತು. ಬಾಗಿಲ ಹತ್ತಿರದ ಕುರ್ಚಿಯ ಅಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ. ನಾನು ಅವನನ್ನು ಕೆಟ್ಟವನೆಂದು ಬರೆದುಬಿಟ್ಟರೆ ಈ ಅಧ್ಯಾಯ ಸುಲಭವಾಗುತ್ತದೆ. ಆದರೆ ಅವನ ನಗು ಚೆನ್ನಾಗಿತ್ತು, ಅವನು ಬರುವ ಭಾನುವಾರಕ್ಕಾಗಿ ನಾನು ಕಾಯುತ್ತಿದ್ದೆ ಎಂದು ಡೈರಿ ಹೇಳುತ್ತದೆ. ಚಿಕ್ಕಮ್ಮನಿಗೆ ಅವಳಿ ಮಕ್ಕಳಾದ ಮೇಲೆ ಅವನ ನೋಟ ಬದಲಾಯಿತು. ಮೊದಲು ನನ್ನ ಮುಖ ನೋಡುತ್ತಿದ್ದವನು ಈಗ ನನ್ನ ತೋಳುಗಳನ್ನು ನೋಡುತ್ತಿದ್ದ.

"ಅಕ್ಕಾರ, ಹುಡುಗಿ ಈಗ ಕೈಗೆ ಬಂದಾಳ ನೋಡ್ರಿ."

"ಯಾರ ಕೈಗೆ?" ಎಂದಳು ದೊಡ್ಡವ್ವ.

ಅಪ್ಪ ನಕ್ಕ. "ನಿಮ್ಮ ಮಾತಿಗೆ ಕೋರ್ಟಿನ್ಯಾಗ ಜಡ್ಜನ ಹೆದರಬೇಕು, ನಾ ಎಲ್ಲಿಯವರಿ?"

ದೊಡ್ಡವ್ವ ನಗಲಿಲ್ಲ. ಅವನ ಕಪ್ಪನ್ನು ತೆಗೆದುಕೊಂಡು ಒಳಗೆ ಹೋದಳು. ಅವನು ಇನ್ನೂ ಅರ್ಧವಷ್ಟೇ ಕುಡಿದಿದ್ದ.

ಇಟಾಲಿಯನ್ ಹಾಡು ಬಂದದ್ದು ಫಿಲೋಮಿನಾ ಮಿಸ್ ಅವರಿಂದ. ನಮ್ಮ ಶಾಲೆಯಲ್ಲಿ ಪ್ರಾರ್ಥನೆಯ ಹಾಡು ಕಲಿಸುತ್ತಿದ್ದ ವಯಸ್ಸಾದ ಹೆಂಗಸು. ನನ್ನ ಗಂಟಲನ್ನು ಗುರುತಿಸಿ, ವಾರಕ್ಕೆ ಎರಡು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಪಿಯಾನೋದ ಪಕ್ಕ ನಿಲ್ಲಿಸಿಕೊಂಡು ಹಳೆಯ ಇಟಾಲಿಯನ್ ಹಾಡುಗಳನ್ನು ಕಲಿಸತೊಡಗಿದರು. ಗಂಟಲು ತೆರೆದುಕೊಳ್ಳಲು ಆ ಭಾಷೆಯೇ ಸರಿ ಎಂದು ಅವರ ನಂಬಿಕೆ. ನನ್ನ ನೋಟುಬುಕ್ಕಿನ ಎಡಪುಟದಲ್ಲಿ ಅವರು ಮೂಲವನ್ನು ಬರೆದುಕೊಡುತ್ತಿದ್ದರು, ಬಲಪುಟದಲ್ಲಿ ನಾನು ಅದನ್ನೇ ಕನ್ನಡ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದೆ. ಮಾತುಗಳೆಲ್ಲ ನಮ್ಮ ಮಾತುಗಳ ಹಾಗೆ ಸ್ವರದಲ್ಲಿ ಮುಗಿಯುತ್ತಿದ್ದವು, ಬರೆಯಲು ಕಷ್ಟವಿರಲಿಲ್ಲ. ಅರ್ಥ ಹೇಳಿಕೊಟ್ಟಾಗ ನನಗೆ ಗಾಬರಿಯಾಯಿತು. ಎಲ್ಲ ಹಾಡುಗಳೂ ಬೇಡುವ ಹಾಡುಗಳೇ. ನನ್ನತ್ತ ನೋಡು, ಕರುಣೆ ತೋರು, ಕ್ರೂರಿ, ಇಲ್ಲವಾದರೆ ಸಾಯುತ್ತೇನೆ. ಗಂಡಸರು, ಹೆಂಗಸರು, ದೊಡ್ಡವರೆಲ್ಲ ನಾಚಿಕೆಯಿಲ್ಲದೆ, ಒಂದೇ ಸಾಲನ್ನು ನಾಲ್ಕು ನಾಲ್ಕು ಸಲ ಬೇಡುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಮಿಸ್ ತಮ್ಮ ಹೈದರಾಬಾದಿ ಹಿಂದಿಯಲ್ಲಿ ಸಮಾಧಾನ ಹೇಳಿದರು:

"ಇನ್ ಗಾನೋಂ ಮೇ ಸಬ್ ಮರ್ತೇ, ಬೇಟಾ. ಫಿರ್ ದೂಸ್ರೇ ಗಾನೇ ಮೇ ಉಠ್ ಕೇ ಆ ಜಾತೇ."

ಈ ಹಾಡುಗಳಲ್ಲಿ ಎಲ್ಲರೂ ಸಾಯುತ್ತಾರೆ, ಮುಂದಿನ ಹಾಡಿಗೆ ಎದ್ದು ಬರುತ್ತಾರೆ. ಹಾಗಾದರೆ ಇಲ್ಲಿ ಬೇಡಿದರೆ ಏನೂ ಕಳೆದುಕೊಳ್ಳುವುದಿಲ್ಲ ಎಂದು ನನಗೆ ಹೊಳೆಯಿತು. ಮಿಸ್ ಅವರ ಹತ್ತಿರವಿದ್ದ ಹಳೆಯ ಪಾಠಪುಸ್ತಕವನ್ನು ಬೇಸಿಗೆ ರಜೆಗೆ ಮನೆಗೆ ತಂದುಕೊಂಡೆ. ಮಳೆಗಾಲ ಬರುವಷ್ಟರಲ್ಲಿ ನಾನೇ ಸಾಲುಗಳನ್ನು ಜೋಡಿಸುತ್ತಿದ್ದೆ. ಹಳೆಯ ಹಾಡುಗಳ ರಾಗ, ಅವುಗಳಿಂದಲೇ ಕದ್ದ ಕ್ರೂರಿ, ಕಲ್ಲು, ಸಾವು. ಆದರೆ ಪ್ರೇಯಸಿಯ ಹೆಸರು ಇರಬೇಕಾದ ಕಡೆ 'ತ್ಸೀಯಾ' ಎಂದು ಹಾಕಿದೆ. ತ್ಸೀಯಾ ಎಂದರೆ ಅವರ ಭಾಷೆಯಲ್ಲಿ ಅವ್ವನ ಅಕ್ಕ. ನೋಟುಬುಕ್ಕಿನ ಹಿಂಬದಿಯಿಂದ, ಕನ್ನಡ ಅಕ್ಷರದಲ್ಲಿ ಮಾತ್ರ, ಇವುಗಳನ್ನು ಬರೆದೆ. ಗ್ವಾರ್ದಾಮಿ, ತ್ಸೀಯಾ. ನನ್ನನ್ನು ನೋಡು, ದೊಡ್ಡವ್ವ.

ಇದನ್ನು ಅವಳ ಎದುರೇ ಹಾಡುತ್ತಿದ್ದೆ. ಸಂಜೆ ಅವಳು ಕೋರ್ಟಿನಿಂದ ಬಂದು ರೊಟ್ಟಿ ಬಡಿಯಲು ಕೂತಾಗ ನಾನು ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತು ಹಾಡುತ್ತಿದ್ದೆ. ಅವಳಿಗೆ ಐದು ಭಾಷೆ ಗೊತ್ತಿತ್ತು. ಜಗತ್ತಿನಲ್ಲಿ ಅವಳಿಗೆ ಗೊತ್ತಿಲ್ಲದ ಭಾಷೆಯೊಂದು ನನ್ನ ಹತ್ತಿರ ಇತ್ತು. ಮೊದಲು ಕೆಲವು ವಾರ ಅವಳು ತಲೆ ಎತ್ತಲಿಲ್ಲ. ಆಮೇಲೆ ಒಂದು ದಿನ, ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಏನ್ ಅರ್ಥ ಅದರದು?"

"ದೇವರ ಹಾಡು."

"ಯಾವ ದೇವರು?"

"ಅವರ ದೇವರು."

"ಇಷ್ಟ ಒದರಿ ಕರಿಬೇಕಂದ್ರ ಅವಗ ಕಿವಿ ಮಂದ ಇರಬೇಕು" ಎಂದು ಮತ್ತೆ ರೊಟ್ಟಿ ಬಡಿದಳು. ನಾನು ನಕ್ಕೆ. ಅವಳು ತಮಾಷೆ ಮಾಡಿದಳೆಂದುಕೊಂಡೆ. ತನಗೆ ಅರ್ಥವಾಗದ ಬರಹವೊಂದು ಮನೆಯಲ್ಲಿ ಇರುವುದನ್ನು ಅವಳಂಥ ಹೆಂಗಸು ಸಹಿಸಿಯಾಳೇ ಎಂದು ಯೋಚಿಸಲಿಲ್ಲ.

ಶನಿವಾರ ಅವಳ ಮೇಜು ಒರೆಸುವುದು ನನ್ನ ಕೆಲಸ. ದಸರೆಯ ಆಸುಪಾಸಿನ ಒಂದು ಶನಿವಾರ ನಿಘಂಟುಗಳ ಸಾಲಿನಲ್ಲಿ ಒಂದು ಹೆಚ್ಚಿಗೆ ಇತ್ತು. ಅದೇ ಕಂದು ಕಾಗದ, ಆದರೆ ಬೆನ್ನಿನ ಮೇಲೆ ಹೆಸರು ಬರೆದಿರಲಿಲ್ಲ. ತೆರೆದೆ. ಆಬಿಡ್ಸಿನ ಫುಟ್‌ಪಾತಿನಲ್ಲಿ ಭಾನುವಾರ ಮಾರುವ ಹಳೆಯ ಪುಸ್ತಕ; ಇಟಾಲಿಯನ್ನಿನಿಂದ ಇಂಗ್ಲಿಷಿಗೆ. ದೊಡ್ಡವ್ವನಿಗೆ ಒಂದು ಪದ್ಧತಿ ಇತ್ತು. ನಿಘಂಟಿನಲ್ಲಿ ಯಾವ ಪದ ನೋಡಿದರೂ ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುವಳು. ಅದೇ ಪದವನ್ನು ಮತ್ತೆ ನೋಡಬೇಕಾಗಿ ಬಂದರೆ ಇನ್ನೊಂದು. ಆ ಪುಸ್ತಕದಲ್ಲಿ ಚುಕ್ಕೆಗಳಿದ್ದವು. ಕಲ್ಲು ಎಂಬ ಪದಕ್ಕೆ, ಹಸಿವು ಎಂಬುದಕ್ಕೆ, ಕೈ, ತಲೆ, ಕ್ರೂರಿ. ಅವೆಲ್ಲ ನನ್ನ ಸಾಲುಗಳ ಪದಗಳು. ನಾನು ಶಾಲೆಗೆ ಹೋದಾಗ ಅವಳು ನೋಟುಬುಕ್ಕು ತೆಗೆದು, ಮಿಸ್ ಬರೆದ ಎಡಪುಟಗಳನ್ನು ನನ್ನ ಕನ್ನಡ ಪುಟಗಳ ಜೊತೆ ಹೋಲಿಸಿ, ಆ ಭಾಷೆಯ ಅಕ್ಷರಕ್ರಮವನ್ನು ಬಿಡಿಸಿಕೊಂಡಿದ್ದಾಳೆ. ಕೊನೆಯ ಪುಟದ ಹತ್ತಿರ, ತ್ಸೀಯಾ ಎಂಬ ಪದದ ಪಕ್ಕ ಐದು ಚುಕ್ಕೆ ಇದ್ದವು. ಡೈರಿಯಲ್ಲಿ ಮೂರು ಎಂದಿದೆ. ಎಷ್ಟೇ ಇರಲಿ, ಅವಳಂಥವಳಿಗೆ ಒಂದು ಪದವನ್ನು ಎರಡನೆಯ ಸಲ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಪುಸ್ತಕವನ್ನು ಇದ್ದಲ್ಲಿಯೇ ಇಟ್ಟೆ. ನಾನು ಎಲ್ಲಕ್ಕಿಂತ ಹೆಚ್ಚು ಬೇಕಾದದ್ದನ್ನು ಬೇಡಿದ್ದೇನೆ, ಅದು ಅವಳಿಗೆ ಗೊತ್ತಾಗಿದೆ; ಇನ್ನು ಅದು ಸಿಗುವುದಿಲ್ಲ. ಆ ಸಂಜೆ ಅವಳು ಏನಾದರೂ ಹೇಳುತ್ತಾಳೆಂದು ಕಾದೆ. ಪುಂಡಿಪಲ್ಲೆ ಬಡಿಸಿದಳು, ನೀರು ಇಟ್ಟಳು. ನಾನು ಹಾಡಲಿಲ್ಲ. ಮೂರು ದಿನ ಹಾಡಲಿಲ್ಲ. ನಾಲ್ಕನೆಯ ದಿನ ಅವಳು ರೊಟ್ಟಿಯ ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ, "ಯಾಕ, ನಿಮ್ಮ ದೇವರು ತೀರಿಕೊಂಡನೇನು?" ಎಂದಳು. ಹಾಡು ಎಂದು ಹೇಳಿದ್ದೋ, ನಿಲ್ಲಿಸಿದ್ದು ಒಳ್ಳೆಯದಾಯಿತು ಎಂದು ಹೇಳಿದ್ದೋ, ಇವತ್ತಿಗೂ ತಿಳಿಯದು. ನಾನು ಹಾಡಿದೆ. ಬೇರೆಯವರ ಹಾಡನ್ನು, ಮಿಸ್ ಕಲಿಸಿದ್ದನ್ನು. ಅವಳು ಕೊನೆಯವರೆಗೂ ಹಿಟ್ಟು ನಾದುತ್ತಲೇ ಇದ್ದಳು. ಹಿಟ್ಟು ಯಾವಾಗಲೋ ಹದಕ್ಕೆ ಬಂದಿತ್ತು.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವಳು ನನ್ನ ತಲೆ ಬಾಚಿದಳು ಎಂಬ ನೆನಪೊಂದಿದೆ. ಬಾಚಣಿಗೆಯ ಹಲ್ಲು, ಕಿವಿಯ ಹಿಂದೆ ಅವಳ ಬೆರಳಿನ ಗಂಟು, ಎಲ್ಲ ಇದೆ. ಡೈರಿಯಲ್ಲಿ ಒಂದು ಅಕ್ಷರವೂ ಇಲ್ಲ. ಅಂಥದ್ದು ನಡೆದಿದ್ದರೆ ಆ ಹುಡುಗಿ ಹತ್ತು ಪುಟ ಬರೆಯುತ್ತಿದ್ದಳು. ಆದ್ದರಿಂದ ಅದು ನಡೆಯಲಿಲ್ಲವೆಂದೇ ಇಟ್ಟುಕೊಳ್ಳುತ್ತೇನೆ.

ಸಂಕ್ರಾಂತಿಯ ಮುಂದಿನ ಭಾನುವಾರ ಅಪ್ಪ ಬಂದ. ನನ್ನ ಸಾಲುಗಳಲ್ಲಿ ಒಂದೆರಡನ್ನು ಹಾಡಿಸಿ ಕೇಳಿದ್ದ ಫಿಲೋಮಿನಾ ಮಿಸ್ ಶಾಲೆಯ ಕಾರ್ಯಕ್ರಮದಲ್ಲಿ ಅವನಿಗೆ ನನ್ನನ್ನು ಹೊಗಳಿದ್ದರು: ನಿಮ್ಮ ಮಗಳು ಹಾಡುವುದಷ್ಟೇ ಅಲ್ಲ, ತಾನೇ ಬರೆಯುತ್ತಾಳೆ, ಅಷ್ಟು ದುಃಖದ ಸಾಲುಗಳು ಇಷ್ಟು ಸಣ್ಣ ಹುಡುಗಿಗೆ ಎಲ್ಲಿಂದ ಬರುತ್ತವೋ. ದೊಡ್ಡವ್ವ ಬೇಗಂ ಬಜಾರಿಗೆ ತಿಂಗಳ ಜೋಳ, ಬೇಳೆ ತರಲು ಹೋಗಿದ್ದಳು.

"ನೀಲವ್ವ, ನಿನ್ನ ಹಾಡಿನ ಪುಸ್ತಕ ಎಲ್ಲೈತಿ? ನನಗೂ ಒಂದೀಟು ತೋರ್ಸವಾ."

"ಅದು ನಿನಗ ತಿಳಿಯೂದಿಲ್ಲಪ್ಪ."

"ನನಗ ತಿಳಿಯೂದಿಲ್ಲ ಖರೆ. ಮಗಳು ಬರ್ದದ್ದು ಕೈಯಾಗ ಹಿಡದು ನೋಡೂದು ಬ್ಯಾಡೇನು? ಓದಿಸಿಕೊಂಡು ಮುಂದಿನ ಸಲ ತಂದು ಕೊಡ್ತೀನಿ."

ನನ್ನ ಬಳಿ ಇರುವ ಯಾವುದನ್ನಾದರೂ ಯಾರಾದರೂ ಕೇಳಿದ್ದು ಅದೇ ಮೊದಲು. ಬೇಡಿದವರಿಗೆ ಕೊಡಬಾರದು ಎಂಬ ನಿಯಮವೂ ನನಗೆ ನೆನಪಾಯಿತು. ಆದರೆ ಬೇಡಿಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ತಂದುಕೊಟ್ಟೆ. ಅವನು ಅದನ್ನು ಅಂಗಿಯ ಒಳಗೆ ಸೇರಿಸಿಕೊಂಡು, ದೊಡ್ಡವ್ವ ಬರುವ ಮೊದಲೇ ಮೆಟ್ಟಿಲಿಳಿದು ಹೋದ. ಚಹಾ ಕುಡಿಯದೆ ಅವನು ಹೋದದ್ದು ಅದೊಂದೇ ಸಲ.

ಮುಂದಿನ ತಿಂಗಳು ಅವನು ಬರಲಿಲ್ಲ. ಬದಲಿಗೆ ನೋಟೀಸು ಬಂತು. ಮಗಳ ಪಾಲನೆಯನ್ನು ತನಗೆ ಒಪ್ಪಿಸಬೇಕೆಂದು ಅಪ್ಪ ಅರ್ಜಿ ಹಾಕಿದ್ದ. ಆ ಮನೆಯಲ್ಲಿ ಮಗುವಿಗೆ ವಾತ್ಸಲ್ಯ ಸಿಗುತ್ತಿಲ್ಲ, ಮಗುವಿನ ಕೈಬರಹದಲ್ಲೇ ಅದಕ್ಕೆ ಸಾಕ್ಷಿಯಿದೆ ಎಂದು ಅದರಲ್ಲಿತ್ತು. ದೊಡ್ಡವ್ವ ಊಟದ ಮುಂಚೆ ಅದನ್ನು ಓದಿ, ಮಡಿಚಿ, ನನ್ನ ಮುಂದೆ ಇಟ್ಟಳು.

"ಪುಸ್ತಕ ಅವಗ ನೀ ಕೊಟ್ಟಿ?"

"ಅಪ್ಪ ಕೇಳಿದ."

ಅವಳು ನನ್ನನ್ನು ನೋಡಿದಳು. ಬಯ್ಯಲಿಲ್ಲ. "ಕೇಳಿದಾಂತ ಕೊಟ್ಟಿ" ಎಂದಷ್ಟೇ ಹೇಳಿ, ಎದ್ದು ಕೈ ತೊಳೆದುಕೊಂಡಳು. ಆ ದಿನ ಅವಳು ಇನ್ನೂ ಊಟ ಮಾಡಿರಲಿಲ್ಲ ಎಂಬುದು ನನಗೆ ತಡವಾಗಿ ಗಮನಕ್ಕೆ ಬಂತು. ಅಲ್ಲಿಂದ ವಿಚಾರಣೆಯವರೆಗಿನ ವಾರಗಳು ಡೈರಿಯಲ್ಲಿ ಖಾಲಿ. ನೆನಪಿನಲ್ಲಿರುವುದು ಇಷ್ಟೇ: ಬಾಗಿಲು ಬಡಿದ ಸದ್ದಾದರೆ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು.

ಅದು ದೊಡ್ಡವ್ವ ಕೆಲಸ ಮಾಡುತ್ತಿದ್ದ ಕೋರ್ಟಲ್ಲ, ಆದರೂ ಅಲ್ಲಿಯ ಜವಾನರು ಕೂಡ ಅವಳಿಗೆ "ಗೌರಮ್ಮಗಾರು" ಎಂದು ನಮಸ್ಕರಿಸುತ್ತಿದ್ದರು. ನ್ಯಾಯಾಧೀಶರು ಒಬ್ಬ ಹೆಂಗಸು. ಮೊದಲು ನನ್ನೊಬ್ಬಳನ್ನೇ ತಮ್ಮ ಕೋಣೆಗೆ ಕರೆಸಿಕೊಂಡರು. ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿ, ಮೆತ್ತಗೆ ತೆಲುಗಿನಲ್ಲಿ ಕೇಳಿದರು:

"ನೀಕು ಎವರಿ ದಗ್ಗರ ಉಂಡಾಲನಿ ಉಂದಿ, ತಲ್ಲೀ?"

ನಿನಗೆ ಯಾರ ಹತ್ತಿರ ಇರಬೇಕು ಅನಿಸುತ್ತದೆ, ತಾಯಿ. ಎಂಟು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ದೊಡ್ಡವ್ವನ ಹತ್ತಿರ ಎಂದರೆ ಅದು ಬೇಡಿದಂತೆ. ಬೇಡಿದ್ದು ಸಿಗುವುದಿಲ್ಲ, ಬಾಯಿ ತೆರೆದ ಕೂಡಲೇ ಬುಟ್ಟಿಗೆ ಬಟ್ಟೆ ಬೀಳುತ್ತದೆ. ಹದಿಮೂರು ವರ್ಷದ, ತರಗತಿಗೆ ಮೊದಲಿಗಳಾದ ಹುಡುಗಿ ಹಾಗೆ ಯೋಚಿಸಿದಳೇ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಹಾಗೆ ಯೋಚಿಸಿದಳು. ಅವಳು ಬೆಳೆದದ್ದೇ ಆ ಮನೆಯಲ್ಲಿ. ನಾನು ತಲೆ ತಗ್ಗಿಸಿ ಬಿಸ್ಕತ್ತಿನ ತಟ್ಟೆ ನೋಡುತ್ತ ಕೂತೆ. ಅವರು ಪ್ರಶ್ನೆಯನ್ನು ಮೂರು ಸಲ ಮೂರು ರೀತಿಯಲ್ಲಿ ಕೇಳಿದರು. ಮೂರು ಸಲವೂ ಬಾಯಿ ಬಿಗಿಹಿಡಿದು ನನ್ನ ಮನೆಯನ್ನು ಕಾಪಾಡಿಕೊಳ್ಳುತ್ತಿದ್ದೇನೆ ಎಂದುಕೊಂಡೆ.

ಆಮೇಲೆ ಎಲ್ಲರನ್ನೂ ಒಳಗೆ ಕರೆದರು. ಅಪ್ಪ, ಅವನ ವಕೀಲ, ದೊಡ್ಡವ್ವ, ಅವಳ ವಕೀಲರಾದ ಮುದುಕರು, ಸಾಕ್ಷಿಗೆಂದು ಬಂದಿದ್ದ ಫಿಲೋಮಿನಾ ಮಿಸ್. ನನ್ನ ನೋಟುಬುಕ್ಕು ಮೇಜಿನ ಮೇಲಿತ್ತು, ಒಂದು ಚೀಟಿ ಅಂಟಿಸಿ ನಂಬರು ಹಾಕಿದ್ದರು. ಹಿಂಬದಿಯ ಪುಟಗಳನ್ನು ಯಾರೂ ಓದಲಾರರು. ಕನ್ನಡ ಬಲ್ಲವರಿಗೆ ಇಟಾಲಿಯನ್ ಬಾರದು, ಇಟಾಲಿಯನ್ ಬಲ್ಲ ಮಿಸ್‌ಗೆ ಕನ್ನಡದ ಅಕ್ಷರ ಬಾರದು. ಅನುವಾದಕ್ಕೆ ಯಾರನ್ನು ಹುಡುಕುವುದು ಎಂದು ಮಾತು ನಡೆಯುತ್ತಿದ್ದಾಗ ದೊಡ್ಡವ್ವ ಎದ್ದು ನಿಂತಳು. ನಾನು ಮಾಡಿಕೊಡುತ್ತೇನೆ ಎಂದಳು. ಅಪ್ಪನ ವಕೀಲ ಆಕ್ಷೇಪಿಸಿದ: ಆಕೆಯ ವಿರುದ್ಧದ ಸಾಕ್ಷ್ಯವನ್ನು ಆಕೆಯೇ ಓದುವುದೆಂದರೇನು? ಕೊನೆಗೆ ನ್ಯಾಯಾಧೀಶರು, ಅವಳು ಗಟ್ಟಿಯಾಗಿ ಓದಲಿ, ಮಿಸ್ ಪಕ್ಕದಲ್ಲಿ ಕೂತು ಅರ್ಥ ಸರಿಯಿದೆಯೇ ಎಂದು ನೋಡಲಿ ಎಂದರು.

ಅವಳು ಕನ್ನಡಕ ಹಾಕಿಕೊಂಡು ಓದಿದಳು. ನನ್ನ ಇಟಾಲಿಯನ್ ಅವಳ ಬಾಯಲ್ಲಿ, ರಾಗವಿಲ್ಲದೆ, ಕೋರ್ಟಿನ ದನಿಯಲ್ಲಿ. ಪ್ರತಿ ಸಾಲಿನ ಹಿಂದೆ ಇಂಗ್ಲಿಷು. ನಾನು ಅದನ್ನು ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ, ಒಂದು ಮಾತನ್ನೂ ಹೆಚ್ಚು ಕಡಿಮೆ ಮಾಡದೆ. ನನ್ನನ್ನು ನೋಡು, ದೊಡ್ಡವ್ವ. ನಿನ್ನ ಮುಖ ಕಲ್ಲು. ನಿನ್ನ ತಟ್ಟೆಯ ಪಕ್ಕದಲ್ಲೇ ಕೂತು ನಾನು ಹಸಿದಿದ್ದೇನೆ. ಕ್ರೂರಿ, ನಿನ್ನ ಕೈಯನ್ನು ನನ್ನ ತಲೆಯ ಮೇಲೆ ಒಮ್ಮೆ ಇಡು. ಆಮೇಲೆ ಬೇಕಾದರೆ ಸಾಯುತ್ತೇನೆ. ಅವಳು ಎಲ್ಲಿಯೂ ತಡವರಿಸಲಿಲ್ಲ. ಎಷ್ಟೋ ಸಲ ಓದಿಕೊಂಡವರಂತೆ ಓದಿದಳು. ಮಿಸ್ ಪ್ರತಿ ಸಾಲಿಗೂ ತಲೆಯಾಡಿಸಿದರು, ಮುಖ ಸಣ್ಣದಾಗುತ್ತ ಹೋಯಿತು. ಅಪ್ಪ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಅದು ನಿಜವಾದ ಕಣ್ಣೀರೇ ಇರಬೇಕು.

ದೊಡ್ಡವ್ವನ ವಕೀಲರು ಎದ್ದರು. ಇಂಥ ಹಾಡುಗಳ ಪರಂಪರೆಯೇ ಹೀಗೆ ಎಂದು ಮಿಸ್ ಅವರಿಂದ ಹೇಳಿಸಿದರು. ಕ್ರೂರಿ, ಕಲ್ಲು, ಸಾವು ಎಲ್ಲ ಹಾಡುಗಳಲ್ಲೂ ಬರುತ್ತವೆ, ಮಗು ಅವುಗಳನ್ನು ಅಭ್ಯಾಸಕ್ಕೆಂದು ಜೋಡಿಸಿದೆ, ಕಸೂತಿಯ ಮಾದರಿ ಬಟ್ಟೆಯ ಹಾಗೆ. ನ್ಯಾಯಾಧೀಶರಿಗೆ ಆ ಮಾತು ಒಪ್ಪಿಗೆಯಾದಂತೆ ಕಂಡಿತು. ಪೆನ್ನಿನ ಮುಚ್ಚಳ ಹಾಕಿದರು. ಮುದುಕ ವಕೀಲರು ದೊಡ್ಡವ್ವನ ಕಡೆ ತಿರುಗಿ ಕಣ್ಣಲ್ಲೇ ಸನ್ನೆ ಮಾಡಿದರು: ಇನ್ನು ಒಂದೇ ಒಂದು ಹೌದು ಸಾಕು. ನ್ಯಾಯಾಧೀಶರು ಕೇಳಿದರು, ಗೌರಮ್ಮಗಾರು, ನೀವು ಅನುಭವಸ್ಥರು, ನಿಮ್ಮ ಅಭಿಪ್ರಾಯವೇನು, ಇದು ಬರೀ ಅಭ್ಯಾಸದ ಹಾಡೇ, ಅಥವಾ ನಿಜವಾಗಿ ಯಾರಿಗಾದರೂ ಬರೆದದ್ದೇ?

ದೊಡ್ಡವ್ವ ನೋಟುಬುಕ್ಕು ಮುಚ್ಚಿದಳು. ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹೌದು, ಅಭ್ಯಾಸದ್ದು ಎಂದರೆ ನಾನು ಅವಳ ಜೊತೆ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದೆ. ಅದು ನನಗೆ ಗೊತ್ತಿತ್ತು, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿಯೇ ಮಾತಾಡಿದ್ದವಳು ಕನ್ನಡದಲ್ಲಿ ಹೇಳಿದಳು:

"ನನಗ ಬರ್ದಾಳರಿ. ನನಗ ಬರ್ದದ್ದು ಅದು."

ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲವೆಂದು ತಿಳಿದು, ಅದನ್ನೂ ತಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಿ ಕೂತಳು.

ಅವಳು ಯಾಕೆ ಹಾಗೆ ಹೇಳಿದಳೆಂದು ಹಲವು ಉತ್ತರಗಳನ್ನು ಬರೆದು ಹೊಡೆದುಹಾಕಿದ್ದೇನೆ. ಇಪ್ಪತ್ತೈದು ವರ್ಷದ ಕೆಲಸದಲ್ಲಿ ಒಂದು ಸುಳ್ಳು ಅನುವಾದಕ್ಕೂ ಸಹಿ ಹಾಕದವಳು ಎಂಬುದು ಒಂದು. ಆ ಕಾಗದದ ಮೇಲೆ ತನ್ನ ಹೆಸರಿತ್ತು, ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ ಎಂಬುದು ಇನ್ನೊಂದು; ಅದು ನಾನು ಬಯಸಿದ ಉತ್ತರವಾದ್ದರಿಂದ ಅದರ ಮೇಲೆ ನನಗೆ ಹೆಚ್ಚು ಅನುಮಾನ. ಆದರೆ ಆ ಗಳಿಗೆಯಲ್ಲಿ ನನಗೆ ಅನುಮಾನವಿರಲಿಲ್ಲ. ಅವಳಿಗೆ ಮುಟ್ಟಿದೆ, ಅವಳು ತೆಗೆದುಕೊಂಡಿದ್ದಾಳೆ, ಅಷ್ಟು ಮಂದಿಯ ಎದುರು ನನ್ನದು ಎಂದಿದ್ದಾಳೆ. ಅದರಿಂದ ಏನಾಗುತ್ತದೆ ಎಂಬುದು ತಲೆಗೆ ಬರುವ ಮೊದಲೇ ನನ್ನ ಮುಖ ಅರಳಿತು. ನಾನು ನಕ್ಕೆ.

ನ್ಯಾಯಾಧೀಶರು ಆಗ ನನ್ನ ಕಡೆಯೇ ನೋಡುತ್ತಿದ್ದರು. ಪೆನ್ನಿನ ಮುಚ್ಚಳ ತೆಗೆದು ಏನನ್ನೋ ಬರೆದುಕೊಂಡರು. ಆದೇಶದ ಪ್ರತಿ ಈಗಲೂ ನನ್ನ ಹತ್ತಿರ ಇದೆ, ಆ ದಿನದ ಬಗ್ಗೆ ನಾನು ಪೂರ್ತಿ ನಂಬುವ ಕಾಗದ ಅದೊಂದೇ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮಗುವನ್ನು ತಂದೆಗೆ ಒಪ್ಪಿಸತಕ್ಕದ್ದು ಎಂದಿದೆ. ಅದಕ್ಕೆ ಕೊಟ್ಟಿರುವ ಕಾರಣಗಳಲ್ಲಿ ಕೊನೆಯದು: ದೊಡ್ಡಮ್ಮ ನಿಜವನ್ನು ಒಪ್ಪಿಕೊಂಡಾಗ ಮಗುವಿನ ಮುಖದಲ್ಲಿ ಬಿಡುಗಡೆಯ ಸಂತೋಷ ಕಂಡುಬಂದಿತು.